ಎಸೆದ ಎಕ್ಸೆಪ್ಷನ್ ಕೈಗೆ ಸಿಗುತ್ತಿಲ್ಲವಾ? ಪಿಎಚ್‌ಪಿಯಲ್ಲಿ ದೋಷ ಹುಡುಕುವ ಕ್ರಮ

ಅಡಿಕೆ ಕೊನೆ ಕೊಯ್ಯುವುದನ್ನು ನೋಡಿದವರಿಗೆ ಈ ವಿಷಯ ಬೇಗ ತಲೆಗೆ ಹತ್ತುತ್ತದೆ. ಮರದ ತುದಿಯಲ್ಲಿ ಕೊನೆಗಾರ ಕೊನೆ ಕೊಯ್ದು ಹಗ್ಗದ ಮೇಲೆ ಜಾರಿ ಬಿಡುತ್ತಾನೆ. ಕೆಳಗೆ ಒಬ್ಬ ಹಗ್ಗದ ತುದಿ ಹಿಡಿದು ನಿಂತಿರುತ್ತಾನೆ. ಅವನು ನಿಲ್ಲಬೇಕಾದ ಕಡೆ ನಿಂತಿಲ್ಲ ಅಂದರೆ ಅಡಿಕೆ ತೋಟದ ತುಂಬಾ ಚೆಲ್ಲುತ್ತದೆ. ಆಗ ಎಲ್ಲರೂ ಬೈಯುವುದು ಮೇಲಿರುವವನನ್ನೇ. ವೆಬ್ ಪೇಜು ಬರೆಯಲು ಬಳಸುವ ಭಾಷೆ ಪಿಎಚ್‌ಪಿಯ ಥ್ರೋ ಮತ್ತು ಕ್ಯಾಚಿನ ಕಥೆಯೂ ಇಷ್ಟೇ. ಕೆಲಸ ನಡುವೆ ಕೆಟ್ಟರೆ ಪ್ರೋಗ್ರಾಂ ‘ಎಕ್ಸೆಪ್ಷನ್’ ಅನ್ನುವ ದೋಷದ ವಸ್ತುವನ್ನು ಎಸೆಯುತ್ತದೆ, ಅದು ಥ್ರೋ. ‘ಟ್ರೈ’ ಅನ್ನುವ ಆವರಣದೊಳಗೆ ಎಸೆದದ್ದನ್ನು ಅದರ ಕೆಳಗಿನ ‘ಕ್ಯಾಚ್’ ಹಿಡಿಯುತ್ತದೆ. ನನ್ನ ಹತ್ತಿರ ಬಂದ ಕೇಸುಗಳಲ್ಲಿ ಎಸೆಯುವ ಸಾಲು ಬಹುಪಾಲು ಸರಿಯಾಗಿಯೇ ಇತ್ತು. ತಪ್ಪಿದ್ದು ಹಿಡಿಯುವವನ ಹೆಸರು, ಇಲ್ಲವೇ ಅವನು ನಿಂತ ಜಾಗ.

ಇಲ್ಲಿನ ಉದಾಹರಣೆ ಸಾಗರದ ಕಡೆಯ ಒಂದು ಅಡಿಕೆ ಮಂಡಿಗೆ ನಾನು ಬರೆದುಕೊಟ್ಟ ಬಿಲ್ಲಿನ ಪೇಜು. ರೈತರ ಹೆಸರು, ಮಾಲು ಯಾವುದು (ರಾಶಿ, ಬೆಟ್ಟೆ, ಸರಕು, ಗೊರಬಲು), ಎಷ್ಟು ಚೀಲ, ಒಂದೊಂದು ಚೀಲದ ತೂಕ ಎಷ್ಟು, ಇಷ್ಟು ತುಂಬಿದರೆ ಬಿಲ್ ಬರಬೇಕು. ತೂಕ ಸೊನ್ನೆಯಾದರೆ, ಅಥವಾ 65.0 ಹೊಡೆಯುವಾಗ ಚುಕ್ಕಿ ಬಿಟ್ಟು 650 ಅಂತ ಹೊಡೆದರೆ, ಪ್ರೋಗ್ರಾಂ ‘ತೂಕದೋಷ’ ಅನ್ನುವ ನನ್ನದೇ ಎಕ್ಸೆಪ್ಷನ್ ಎಸೆಯಬೇಕು. ಮಾಲಿನ ಹೆಸರು ತಪ್ಪಿದರೆ ‘ಮಾಲುದೋಷ’. ಇವೆರಡಕ್ಕೂ ಅಪ್ಪ ‘ಬಿಲ್‌ದೋಷ’. ಅದರ ಅಪ್ಪ ಪಿಎಚ್‌ಪಿಯ ಸ್ವಂತ ‘ಎಕ್ಸೆಪ್ಷನ್’ ಕ್ಲಾಸ್. ಕ್ಲಾಸ್ ಅಂದರೆ ವಸ್ತುವಿನ ಅಚ್ಚು. ಅಪ್ಪನ ಹೆಸರಿನ ಕ್ಯಾಚಿಗೆ ಮಕ್ಕಳೂ ಸಿಗುತ್ತಾರೆ.

ಅಂದಹಾಗೆ, ಕ್ಲಾಸಿಗೆ ಕನ್ನಡದಲ್ಲಿ ಹೆಸರಿಟ್ಟರೂ ಪಿಎಚ್‌ಪಿ ತಕರಾರು ಮಾಡುವುದಿಲ್ಲ. ನಾನು ಮಾತ್ರ ಕೆಲಸದ ಕೋಡಿನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಬಳಸುತ್ತೇನೆ. ಕನ್ನಡ ಕೀಬೋರ್ಡಿನಿಂದ ಕಣ್ಣಿಗೆ ಕಾಣದ ಅಕ್ಷರವೊಂದು ಸೇರಿಕೊಂಡರೆ ಒಂದೇ ಥರ ಕಾಣುವ ಎರಡು ಹೆಸರು ಬೇರೆ ಬೇರೆ ಆಗಿಬಿಡುತ್ತವೆ. ಆ ಉಸಾಬರಿ ಯಾರಿಗೆ ಬೇಕು. ಟ್ರೈ, ಥ್ರೋ, ಕ್ಯಾಚ್ ಇವನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಕೈ ಹಾಕುವ ಮೊದಲು

ಮಂಡಿ ನಡೆಯುತ್ತಿರುವ ಹೊತ್ತಿನಲ್ಲಿ ಓಡುತ್ತಿರುವ ಸರ್ವರಿಗೆ ಕೈ ಹಾಕಬೇಡಿ. ಕೋಡಿನದೊಂದು ಕಾಪಿ, ಡೇಟಾಬೇಸಿನದೊಂದು ಕಾಪಿ ತೆಗೆದಿಟ್ಟುಕೊಳ್ಳಿ. ಮಳೆಗಾಲದಲ್ಲಂತೂ ಇದು ಬಹಳ ಮುಖ್ಯ. ಫೈಲ್ ಅಪ್‌ಲೋಡ್ ಆಗುತ್ತಿರುವಾಗ ಕರೆಂಟ್ ಹೋಗುತ್ತದೆ, ಮೋಡೆಮ್ ಆರುತ್ತದೆ, ಸರ್ವರಿನಲ್ಲಿ ಅರ್ಧ ಫೈಲ್ ಮಾತ್ರ ಕೂತಿರುತ್ತದೆ. ನಾವು ಎಕ್ಸೆಪ್ಷನ್ ಹುಡುಕುತ್ತಾ ಕೂರುತ್ತೇವೆ! ಹಾಗಾಗಿ ಮೊದಲ ಪರೀಕ್ಷೆ ಪುಕ್ಕಟೆಯದು. ನಿಮ್ಮ ಕಂಪ್ಯೂಟರಿನ ಫೈಲೂ ಸರ್ವರಿನ ಫೈಲೂ ಒಂದೇ ಅಳತೆ ಇವೆಯಾ ನೋಡಿ.

ಎರಡನೆಯದು, ಪಿಎಚ್‌ಪಿ ಯಾವ ಆವೃತ್ತಿ ಅಂತ ತಿಳಿದುಕೊಳ್ಳಿ. ಎಕ್ಸೆಪ್ಷನ್ ವ್ಯವಸ್ಥೆ ಬಂದಿದ್ದು 2004ರ ಪಿಎಚ್‌ಪಿ 5ರಲ್ಲಿ. ಫೈನಲಿ (ದೋಷ ಬಂದರೂ ಬರದಿದ್ದರೂ ಕೊನೆಗೆ ಓಡುವ ಭಾಗ) ಬಂದಿದ್ದು 5.5ರಲ್ಲಿ. 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7 ಇಡೀ ಮನೆಯನ್ನೇ ಎರಡು ಪಾಲು ಮಾಡಿತು. ಆ ಪಾಲಿನ ಕಥೆ ಮುಂದೆ ಬರುತ್ತದೆ.

ಲಕ್ಷಣ: ಪೇಜು ಪೂರ್ತಿ ಬಿಳಿ, ಇಲ್ಲವೇ ಬರೀ 500 (ಸರ್ವರ್ ಎಡವಿದೆ ಅನ್ನುವ ನಂಬರು)

ಬಿಳಿ ಪೇಜು ಅಂದರೆ ದೋಷ ಇಲ್ಲ ಅಂತಲ್ಲ, ತೋರಿಸಬೇಡ ಅಂತ ಸರ್ವರಿಗೆ ಹೇಳಿದ್ದಾರೆ ಅಂತ. ಜನ ಬಳಸುವ ಸರ್ವರಿನಲ್ಲಿ ಡಿಸ್‌ಪ್ಲೇ ಎರರ್ಸ್ ಆಫ್ ಇರಬೇಕಾದ್ದೇ. ಅದನ್ನು ಆನ್ ಮಾಡಲು ಹೋಗಬೇಡಿ. ಎರರ್ ಲಾಗ್ (ಸರ್ವರ್ ದೋಷ ಬರೆದಿಡುವ ಫೈಲ್) ತೆರೆದು ಕೊನೆಯ ಹತ್ತಿಪ್ಪತ್ತು ಸಾಲು ಓದಿ.

ಲಾಗಿನಲ್ಲಿ ‘ಪಾರ್ಸ್ ಎರರ್’ ಅಂತಿದ್ದರೆ ಬರೆದ ಕೋಡಿನಲ್ಲೇ ವ್ಯಾಕರಣ ತಪ್ಪಿದೆ. ಕಮಾಂಡ್ ಲೈನಿನಲ್ಲಿ ಪಿಎಚ್‌ಪಿಗೆ ಅಡ್ಡಗೆರೆ ಎಲ್ ಕೊಟ್ಟು ಆ ಫೈಲಿನ ಹೆಸರು ಹೇಳಿದರೆ ಯಾವ ಸಾಲು ಅಂತ ಅದೇ ತೋರಿಸುತ್ತದೆ. ‘ಅನ್‌ಕಾಟ್’ ಅಂತಿದ್ದರೆ ಎಸೆದದ್ದನ್ನು ಯಾರೂ ಹಿಡಿದಿಲ್ಲ. ಮುಂದಿನ ಭಾಗ ನಿಮಗೇ. ಮೆಮೊರಿ ಮುಗಿಯಿತು ಅಥವಾ ಸಮಯ ಮೀರಿತು ಅಂತಿದ್ದರೆ ಕ್ಯಾಚ್ ತಿದ್ದುತ್ತಾ ಕೂರಬೇಡಿ. ಅವು ಎಕ್ಸೆಪ್ಷನ್ನೇ ಅಲ್ಲ. ಯಾವ ಕ್ಯಾಚಿಗೂ ಸಿಗುವುದಿಲ್ಲ.

ಲಾಗೇ ಖಾಲಿಯಾ? ನೀವು ತಿದ್ದಿದ ಪಿಎಚ್‌ಪಿ ಐಎನ್ಐ (ಸೆಟ್ಟಿಂಗ್) ಫೈಲು ಒಂದು, ಸರ್ವರ್ ಓದುತ್ತಿರುವುದು ಇನ್ನೊಂದು ಇರಬಹುದು. ಉಬುಂಟುವಿನಲ್ಲಿ ಕಮಾಂಡ್ ಲೈನಿಗೆ ಬೇರೆ, ವೆಬ್ಬಿಗೆ ಬೇರೆ ಐಎನ್ಐ ಇರುತ್ತದೆ. ಪಿಎಚ್‌ಪಿ ಇನ್ಫೋ ಪೇಜು ಮಾಡಿ ‘ಲೋಡೆಡ್ ಕಾನ್ಫಿಗರೇಶನ್ ಫೈಲ್’ ಅನ್ನುವ ಸಾಲು ನೋಡಿ. ನೋಡಿದ ತಕ್ಷಣ ಆ ಪೇಜು ಅಳಿಸಿ. ನಿಮ್ಮ ಮನೆಯ ನಕ್ಷೆ ಇದ್ದ ಹಾಗೆ ಅದು, ಬೀದಿಯಲ್ಲಿ ಬಿಟ್ಟು ಬರುವಂಥದ್ದಲ್ಲ.

ಲಕ್ಷಣ: ಕ್ಯಾಚ್ ಬರೆದಿದ್ದೇನೆ, ಆದರೂ ‘ಅನ್‌ಕಾಟ್’ ಅನ್ನುತ್ತದೆ

ನಾನು ಎರಡು ರಾತ್ರಿ ಕಳೆದುಕೊಂಡ ದೋಷ ಇದು. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮಳೆ ಜೋರಾಗಿದ್ದ ಒಂದು ಸಂಜೆ ಮಂಡಿಯಿಂದ ಫೋನ್ ಬಂತು. “ಎಂತ ಮಾರಾಯ್ರೆ, 650 ಅಂತ ಹೊಡೆದರೆ ಪೇಜೇ ಮಾಯ ಆಗ್ತದಲ್ಲ!” ಲಾಗ್ ನೋಡಿದೆ. ಅನ್‌ಕಾಟ್, ತೂಕದೋಷ, ಬಿಲ್ ಫೈಲಿನ 48ನೇ ಸಾಲು. ಸರಿ, ಎಸೆದಿದೆ. ಆ ಸಾಲನ್ನು ಸುತ್ತಿಕೊಂಡು ಟ್ರೈ ಇದೆ. ಕೆಳಗೆ ಕ್ಯಾಚ್ ಇದೆ, ಆವರಣದಲ್ಲಿ ಎಕ್ಸೆಪ್ಷನ್ ಅಂತಲೂ ಇದೆ. ತೂಕದೋಷ ಅದರ ಮೊಮ್ಮಗ ತಾನೇ, ಸಿಗಲೇಬೇಕು. ಸಿಗುತ್ತಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಕೂಗುತ್ತಿತ್ತು. ನಾನು ಟ್ರೈ ಎಲ್ಲಿಂದ ಎಲ್ಲಿಯವರೆಗೆ ಅಂತ ಬೆರಳಿಟ್ಟು ಎಣಿಸುತ್ತಾ ಕೂತಿದ್ದೆ.

ತಪ್ಪು ಇದ್ದದ್ದು ಫೈಲಿನ ಮೂರನೇ ಸಾಲಿನಲ್ಲಿ. ಹಿಂದಿನ ವಾರ ಕೋಡೆಲ್ಲ ಅಚ್ಚುಕಟ್ಟು ಮಾಡುತ್ತೇನೆ ಅಂತ ಪ್ರತಿ ಫೈಲಿನ ಮೇಲೂ ನೇಮ್‌ಸ್ಪೇಸ್ ‘ಮಂಡಿ’ ಅಂತ ಸೇರಿಸಿದ್ದೆ. ಕ್ಲಾಸುಗಳಿಗೆ ಮನೆತನದ ಹೆಸರು ಕೊಟ್ಟ ಹಾಗೆ ಅದು. ನೇಮ್‌ಸ್ಪೇಸಿನ ಒಳಗೆ ಬರೀ ಎಕ್ಸೆಪ್ಷನ್ ಅಂತ ಬರೆದರೆ ಪಿಎಚ್‌ಪಿ ಅದನ್ನು ‘ಮಂಡಿ ಮನೆತನದ ಎಕ್ಸೆಪ್ಷನ್’ ಅಂತ ಓದಿಕೊಳ್ಳುತ್ತದೆ. ಅಂಥ ಕ್ಲಾಸೇ ಇಲ್ಲ. ಇಲ್ಲದ ಕ್ಲಾಸಿನ ಹೆಸರು ಕ್ಯಾಚಿನಲ್ಲಿ ಬಂದರೆ ಪಿಎಚ್‌ಪಿ ದೂರು ಹೇಳುವುದಿಲ್ಲ. ಅದರ ಲೆಕ್ಕಾಚಾರ ಸರಿಯಾಗಿಯೇ ಇದೆ. ಆ ಹೆಸರಿನ ವಸ್ತು ಹುಟ್ಟೇ ಇಲ್ಲ ಅಂದಮೇಲೆ ಹಿಡಿಯುವುದೇನನ್ನು? ಸುಮ್ನೆ ಮುಂದೆ ಹೋಗುತ್ತದೆ. ವ್ಯಾಕರಣ ಪರೀಕ್ಷೆಯಲ್ಲೂ ಇದು ಸಿಕ್ಕಿಬೀಳುವುದಿಲ್ಲ. ಪರಿಹಾರ ಒಂದೇ ಒಂದು ಗೆರೆ. ಎಕ್ಸೆಪ್ಷನ್ ಅನ್ನುವ ಹೆಸರು ಶುರುವಾಗುವ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ, ಅಥವಾ ಫೈಲಿನ ಮೇಲ್ಭಾಗದಲ್ಲಿ ‘ಯೂಸ್’ ಸಾಲಿನಲ್ಲಿ ಅದನ್ನು ಕರೆದುಕೊಳ್ಳಿ.

ಎಸೆಯುವ ಕಡೆ ಇದೇ ತಪ್ಪು ಮಾಡಿದ್ದರೆ ‘ಕ್ಲಾಸ್ ಸಿಗಲಿಲ್ಲ’ ಅಂತ ಪಿಎಚ್‌ಪಿ ತಕ್ಷಣ ಕೂಗಿಕೊಳ್ಳುತ್ತಿತ್ತು. ಹಿಡಿಯುವ ಕಡೆ ಮಾತ್ರ ಮೌನ. ಅದಕ್ಕೇ ಇದು ಹುಡುಕಲು ಕಷ್ಟ. ಈಗ ನಾನು ಪಿಎಚ್‌ಪಿಸ್ಟ್ಯಾನ್ (ಕೋಡ್ ಓದಿಯೇ ತಪ್ಪು ಹುಡುಕುವ ಸಾಧನ) ಓಡಿಸದೆ ಕೋಡ್ ಕಳಿಸುವುದಿಲ್ಲ. ಇಂಥ ಇಲ್ಲದ ಹೆಸರನ್ನು ಅದು ಮೊದಲೇ ಹಿಡಿದುಕೊಡುತ್ತದೆ.

ಬ್ಯಾಕ್‌ಸ್ಲ್ಯಾಶ್ ಸರಿ ಇದೆ, ಆದರೂ ಸಿಗುತ್ತಿಲ್ಲ ಅಂದರೆ ಎರಡನೇ ಅನುಮಾನ ಪಿಎಚ್‌ಪಿ 7ರ ಆ ಪಾಲಿನ ಮೇಲೆ. 7ರಿಂದ ಎಸೆಯಬಹುದಾದ ವಸ್ತುಗಳು ಎರಡು ಕವಲು. ಒಂದು ‘ಎಕ್ಸೆಪ್ಷನ್’, ಇನ್ನೊಂದು ‘ಎರರ್’. ಎರಡರ ಮೇಲೂ ಇರುವುದು ‘ಥ್ರೋಯೇಬಲ್’. ಟೈಪ್ ಎರರ್, ಸೊನ್ನೆಯಿಂದ ಭಾಗಿಸಿದ ಎರರ್, ಇಲ್ಲದ ಫಂಕ್ಷನ್ ಕರೆದ ಎರರ್ ಇವೆಲ್ಲ ಎರಡನೇ ಕವಲಿನವು. ಕ್ಯಾಚ್ ಎಕ್ಸೆಪ್ಷನ್ ಅಂತ ಬರೆದವನಿಗೆ ಇವು ಯಾವತ್ತೂ ಸಿಗುವುದಿಲ್ಲ. ಚೀಲ ಸೊನ್ನೆ ಅಂತ ಕೊಟ್ಟು ಸರಾಸರಿ ತೂಕ ತೆಗೆಯಲು ಹೋದರೆ ಪಿಎಚ್‌ಪಿ 8ರಲ್ಲಿ ಎರರ್ ಎಸೆಯುತ್ತದೆ. ಅದೇ ಭಾಗಾಕಾರ 7ರಲ್ಲಿ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತಿತ್ತು. ಸರ್ವರಿನವರು ಆವೃತ್ತಿ ಏರಿಸಿದ ಮಾರನೇ ದಿನ ಹಳೇ ಪೇಜು ಬಿದ್ದರೆ ಮೊದಲು ಇಲ್ಲೇ ನೋಡಿ.

ಪತ್ತೆ ಮಾಡಲು ಸುಲಭದ ಉಪಾಯವಿದೆ. ಟೆಸ್ಟ್ ಸರ್ವರಿನಲ್ಲಿ, ಎಲ್ಲಕ್ಕಿಂತ ಹೊರಗೆ, ಬ್ಯಾಕ್‌ಸ್ಲ್ಯಾಶ್ ಸಮೇತ ಕ್ಯಾಚ್ ಥ್ರೋಯೇಬಲ್ ಅಂತ ಹಾಕಿ. ಅದರೊಳಗೆ ‘ಗೆಟ್ ಕ್ಲಾಸ್’ ಕೊಟ್ಟು ಸಿಕ್ಕಿದ ವಸ್ತುವಿನ ಪೂರ್ತಿ ಹೆಸರು ಲಾಗಿಗೆ ಬರೆಸಿ. ಬಂದ ಹೆಸರು, ನೀವು ಕ್ಯಾಚಿನಲ್ಲಿ ಬರೆದ ಹೆಸರು, ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಒಂದು ಎಚ್ಚರ: ಪಿಎಚ್‌ಪಿ 5ರ ಹಳೇ ಸರ್ವರಿನಲ್ಲಿ ಥ್ರೋಯೇಬಲ್ ಅನ್ನುವುದೇ ಇಲ್ಲ. ಅಲ್ಲೂ ಅದು ತಕರಾರಿಲ್ಲದೆ, ಏನನ್ನೂ ಹಿಡಿಯದೆ ನಿಂತಿರುತ್ತದೆ.

ಲಕ್ಷಣ: ಹಿಡಿಯಿತು, ಆದರೆ ಹಿಡಿಯಬೇಕಾದವನು ಹಿಡಿಯಲಿಲ್ಲ

ತೂಕ ತಪ್ಪಿದರೆ ‘ತೂಕ ಮತ್ತೊಮ್ಮೆ ನೋಡಿ’ ಅಂತ ಬರಬೇಕಿತ್ತು. ಬರುತ್ತಿರುವುದು ‘ಏನೋ ತೊಂದರೆಯಾಗಿದೆ’. ಕ್ಯಾಚುಗಳ ಸಾಲು ನೋಡಿ. ಪಿಎಚ್‌ಪಿ ಮೇಲಿಂದ ಕೆಳಗೆ ಬರುತ್ತಾ ಮೊದಲು ಹೊಂದಿದವನ ಕೈಗೆ ಕೊಟ್ಟು ಮುಗಿಸುತ್ತದೆ. ಅಪ್ಪನನ್ನು ಮುಂದೆ ನಿಲ್ಲಿಸಿದರೆ ಮಕ್ಕಳಿಗೆ ಏನೂ ಉಳಿಯುವುದಿಲ್ಲ. ತೂಕದೋಷ, ಮಾಲುದೋಷ ಮೊದಲು, ಆಮೇಲೆ ಬಿಲ್‌ದೋಷ, ಎಲ್ಲಕ್ಕಿಂತ ಕೊನೆಗೆ ಎಕ್ಸೆಪ್ಷನ್. ಎರಡು ದೋಷಕ್ಕೂ ಒಂದೇ ಉತ್ತರ ಸಾಕು ಅಂದರೆ 7.1ರಿಂದ ನಡುವೆ ಒಂದು ನಿಂತ ಗೆರೆ ಹಾಕಿ ಒಂದೇ ಕ್ಯಾಚಿನಲ್ಲಿ ಬರೆಯಬಹುದು.

ಲಕ್ಷಣ: ಎಕ್ಸೆಪ್ಷನ್ ಸಿಗುತ್ತದೆ, ಮೆಸೇಜ್ ಖಾಲಿ

ಇದು ಐದು ನಿಮಿಷದ ಕೆಲಸ. ನಿಮ್ಮ ಕ್ಲಾಸಿಗೆ ನೀವೇ ಕನ್‌ಸ್ಟ್ರಕ್ಟರ್ (ವಸ್ತು ಹುಟ್ಟುವಾಗ ಓಡುವ ಫಂಕ್ಷನ್) ಬರೆದಿದ್ದೀರಿ. ಬಹುಶಃ ಚೀಲದ ನಂಬರನ್ನೂ ಇಟ್ಟುಕೊಳ್ಳೋಣ ಅಂತ. ಆದರೆ ಅದರೊಳಗೆ ಪೇರೆಂಟ್ ಕನ್‌ಸ್ಟ್ರಕ್ಟರನ್ನು ಕರೆದಿಲ್ಲ. ಮೆಸೇಜನ್ನು ಇಟ್ಟುಕೊಳ್ಳುವುದು ಅಪ್ಪನ ಕೆಲಸ. ಅವನಿಗೆ ಹೇಳದಿದ್ದರೆ ಗೆಟ್ ಮೆಸೇಜ್ ಖಾಲಿಯೇ ಬರುತ್ತದೆ. ಮೆಸೇಜ್, ಕೋಡ್, ಹಿಂದಿನ ಎಕ್ಸೆಪ್ಷನ್, ಈ ಮೂರನ್ನೂ ಇದೇ ಕ್ರಮದಲ್ಲಿ ಪೇರೆಂಟಿಗೆ ದಾಟಿಸಿ. ಗೆಟ್ ಮೆಸೇಜನ್ನೇ ತಿರುಗಿ ಬರೆಯುತ್ತೇನೆ ಅಂತ ಹೊರಟರೆ ಆಗುವುದಿಲ್ಲ. ಅದು ಫೈನಲ್, ಮಕ್ಕಳು ಬದಲಾಯಿಸುವಂತಿಲ್ಲ.

ಲಕ್ಷಣ: ಒಂದು ದೋಷ ಹೇಳಲು ಹೋಗಿ ಇನ್ನೊಂದು ದೋಷ

ಡೇಟಾಬೇಸಿನ ಎಕ್ಸೆಪ್ಷನ್ ಹಿಡಿದು, ಅದನ್ನು ನಮ್ಮ ಬಿಲ್‌ದೋಷದಲ್ಲಿ ಸುತ್ತಿ ಮತ್ತೆ ಎಸೆಯುವುದು ಒಳ್ಳೆಯ ಅಭ್ಯಾಸ. ಆದರೆ ಕೆಲವೊಮ್ಮೆ ಬಿಲ್‌ದೋಷದ ಬದಲು ಟೈಪ್ ಎರರ್ ಬಂದು ಕೂರುತ್ತದೆ. ಅದೂ ಯಾವಾಗಲೂ ಅಲ್ಲ, ಆಗೊಮ್ಮೆ ಈಗೊಮ್ಮೆ. ಇದೇ ತಲೆ ಕೆಡಿಸುವುದು.

ಕಾರಣ ಕೋಡ್ ನಂಬರು. ಎಕ್ಸೆಪ್ಷನ್ನಿನ ಕನ್‌ಸ್ಟ್ರಕ್ಟರಿಗೆ ಕೋಡ್ ಪೂರ್ಣಾಂಕವೇ ಆಗಿರಬೇಕು. ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ಮುಟ್ಟುವ ಒಂದು ದಾರಿ) ಎಸೆಯುವ ಎಕ್ಸೆಪ್ಷನ್ ಮಾತ್ರ ಗೆಟ್ ಕೋಡ್ ಕೇಳಿದರೆ ಅಕ್ಷರದ ಸರಣಿ ಕೊಡಬಹುದು. ಒಂದೇ ಬಿಲ್ ನಂಬರು ಎರಡು ಸಲ ಹೋದರೆ ಬರುವ ಕೋಡ್ 23000. ಅದು ಅಂಕಿಗಳೇ ಆದ್ದರಿಂದ ಪಿಎಚ್‌ಪಿ ಹೇಗೋ ಪೂರ್ಣಾಂಕ ಮಾಡಿಕೊಂಡು ಮುಂದೆ ಹೋಗುತ್ತದೆ. ಬೇರೆ ಗುಂಪಿಗೆ ಸೇರದ ‘ಜನರಲ್ ಎರರ್’ ಆದಾಗ ಬರುವ ಕೋಡ್ ಎಚ್‌ವೈ 000. ಶುರುವಿಗೇ ಅಕ್ಷರ ಬಂತಲ್ಲ, ಅಲ್ಲಿ ಕೈಕೊಡುತ್ತದೆ. ಫೈಲಿನಲ್ಲಿ ಸ್ಟ್ರಿಕ್ಟ್ ಟೈಪ್ಸ್ (ಅಕ್ಷರವನ್ನು ಅಂಕಿ ಅಂತ ಒಪ್ಪಬೇಡ ಅನ್ನುವ ಸಾಲು) ಹಾಕಿದ್ದರೆ 23000ಕ್ಕೂ ಬೀಳುತ್ತದೆ. ಪಿಡಿಒ ಕೋಡನ್ನು ನೇರವಾಗಿ ದಾಟಿಸಬೇಡಿ. ಕೋಡ್ ಜಾಗದಲ್ಲಿ ಸೊನ್ನೆ ಹಾಕಿ, ಹಳೇ ಎಕ್ಸೆಪ್ಷನ್ನನ್ನು ಮೂರನೇ ಜಾಗದಲ್ಲಿ ಪ್ರೀವಿಯಸ್ ಆಗಿ ಕೊಡಿ. ಮೂಲ ಕೋಡು, ಮೂಲ ಸಾಲು ಎಲ್ಲ ಅದರೊಳಗೇ ಭದ್ರವಾಗಿರುತ್ತದೆ.

ಇಲ್ಲೇ ಇನ್ನೊಂದು ಮಾತು. ಎಕ್ಸೆಪ್ಷನ್ ತೋರಿಸುವ ಸಾಲಿನ ನಂಬರು ಥ್ರೋ ಇರುವ ಸಾಲಿನದಲ್ಲ, ನ್ಯೂ ಅಂತ ಹುಟ್ಟಿದ ಸಾಲಿನದು. ಒಂದು ಫಂಕ್ಷನ್ನಿನಲ್ಲಿ ಹುಟ್ಟಿಸಿ ಇನ್ನೊಂದರಲ್ಲಿ ಎಸೆದಿದ್ದರೆ ಲಾಗ್ ನಿಮ್ಮನ್ನು ಹುಟ್ಟೂರಿಗೇ ಕಳಿಸುತ್ತದೆ.

ಲಕ್ಷಣ: ಏನೂ ಆಗುವುದೇ ಇಲ್ಲ, ತಪ್ಪು ಲೆಕ್ಕ ಮಾತ್ರ ಬರುತ್ತದೆ

ಬಿಳಿ ಪೇಜಿಗಿಂತ ಇದು ಅಪಾಯ. ಮೊದಲು ಕೋಡಿನಲ್ಲಿ ಖಾಲಿ ಕ್ಯಾಚ್ ಇದೆಯಾ ಹುಡುಕಿ. ‘ಆಮೇಲೆ ಬರೆಯೋಣ’ ಅಂತ ಬಿಟ್ಟ ಎರಡು ಆವರಣ ಎಷ್ಟು ದೋಷ ನುಂಗಿದೆಯೋ ಯಾರಿಗೆ ಗೊತ್ತು. ಕನಿಷ್ಠ ಲಾಗಿಗಾದರೂ ಒಂದು ಸಾಲು ಬರೆಸಿ.

ನಂತರ ಫೈನಲಿ ನೋಡಿ. ಅದರೊಳಗೆ ರಿಟರ್ನ್ ಇದ್ದರೆ ದಾರಿಯಲ್ಲಿದ್ದ ಎಕ್ಸೆಪ್ಷನ್ ಅಲ್ಲೇ ಮಣ್ಣಾಗುತ್ತದೆ. ಲಾಗಿಲ್ಲ, ಸದ್ದಿಲ್ಲ. ಇದಕ್ಕೆ ಉಲ್ಟಾ ಕೇಸೂ ಇದೆ. ಟ್ರೈ ಒಳಗೆ ಎಕ್ಸಿಟ್ ಅಥವಾ ಡೈ ಕರೆದರೆ ಫೈನಲಿ ಓಡುವುದೇ ಇಲ್ಲ.

ಇವೆರಡೂ ಇಲ್ಲವೇ? ಹಾಗಾದರೆ ಎಸೆದೇ ಇಲ್ಲ ಅನ್ನುವ ಸಾಧ್ಯತೆ ಜಾಸ್ತಿ. ಪಿಎಚ್‌ಪಿಯ ಹಳೇ ಫಂಕ್ಷನ್‌ಗಳಿಗೆ ಎಸೆಯುವ ಅಭ್ಯಾಸವಿಲ್ಲ. ದರದ ಫೈಲ್ ಓದಲು ಹೋಗಿ ಫೈಲ್ ಸಿಗದಿದ್ದರೆ ಬರೀ ವಾರ್ನಿಂಗ್ ಗೊಣಗಿ ಫಾಲ್ಸ್ ಕೊಡುತ್ತದೆ. ಅದರ ಸುತ್ತ ಟ್ರೈ ಕಟ್ಟಿ ಪ್ರಯೋಜನವಿಲ್ಲ. ಫಾಲ್ಸ್ ಬಂತಾ ಅಂತ ನೀವೇ ಕೇಳಿ, ನೀವೇ ಎಸೆಯಬೇಕು. ಜೇಸನ್ (ಮಾಹಿತಿ ಬರೆದು ಕಳಿಸುವ ಒಂದು ರೂಪ) ಬಿಡಿಸುವ ಫಂಕ್ಷನ್ ತಪ್ಪಾದರೆ ನಲ್ ಕೊಡುತ್ತದೆ. 7.3ರಿಂದ ಅದಕ್ಕೆ ‘ಥ್ರೋ ಆನ್ ಎರರ್’ ಅನ್ನುವ ಫ್ಲ್ಯಾಗ್ ಇದೆ, ಹಾಕಿಬಿಡಿ. ಪಿಡಿಒ ಕೂಡ 8.0ಕ್ಕೆ ಮೊದಲು ಹೇಳದಿದ್ದರೆ ಬಾಯಿ ಬಿಡುತ್ತಿರಲಿಲ್ಲ. 8ರಿಂದ ತಾನಾಗಿಯೇ ಎಸೆಯುತ್ತದೆ. ಡೇಟಾಬೇಸಿನ ಇನ್ನೊಂದು ದಾರಿ ಮೈಎಸ್‌ಕ್ಯುಎಲ್‌ಐ ತಾನಾಗಿಯೇ ಎಸೆಯಲು ಶುರು ಮಾಡಿದ್ದು 8.1ರಿಂದ.

ಎಲ್ಲ ವಾರ್ನಿಂಗನ್ನೂ ಎಕ್ಸೆಪ್ಷನ್ ಮಾಡಿಬಿಡುವ ದಾರಿಯೂ ಇದೆ. ಸೆಟ್ ಎರರ್ ಹ್ಯಾಂಡ್ಲರಿನಲ್ಲಿ ಎರರ್ ಎಕ್ಸೆಪ್ಷನ್ ಎಸೆದರೆ ಆಯಿತು. ಹೊಸ ಪ್ರೋಗ್ರಾಂ ಆದರೆ ಮೊದಲ ದಿನವೇ ಮಾಡಿ. ವರ್ಷಗಟ್ಟಲೆ ಓಡಿದ ಹಳೇದಕ್ಕೆ ಒಮ್ಮೆಲೇ ಹಾಕಬೇಡಿ, ಇಷ್ಟು ದಿನ ಮುಚ್ಚಿಕೊಂಡಿದ್ದ ನೂರೆಂಟು ವಾರ್ನಿಂಗ್ ಒಂದೇ ಬೆಳಿಗ್ಗೆ ಎದ್ದು ಬರುತ್ತವೆ.

ಲಕ್ಷಣ: ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಸರ್ವರಿನಲ್ಲಿ ‘ಕ್ಲಾಸ್ ಸಿಗಲಿಲ್ಲ’

ವಿಂಡೋಸಿನಲ್ಲಿ ಬರೆದು ಲಿನಕ್ಸಿಗೆ ಹಾಕಿದವರಿಗೆಲ್ಲ ಒಂದಲ್ಲ ಒಂದು ದಿನ ಇದು ಬರುತ್ತದೆ. ವಿಂಡೋಸಿಗೆ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಲಿನಕ್ಸಿಗೆ ಬೇರೆ. ಕ್ಲಾಸಿನ ಹೆಸರೂ ಫೈಲಿನ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ತಿದ್ದಿದ ಮೇಲೆ ಕಂಪೋಸರಿನ ಡಂಪ್ ಆಟೋಲೋಡ್ (ಯಾವ ಕ್ಲಾಸ್ ಯಾವ ಫೈಲಿನಲ್ಲಿ ಅನ್ನುವ ಪಟ್ಟಿ ಮತ್ತೆ ಮಾಡುವ ಕಮಾಂಡ್) ಓಡಿಸಿ. ಕನ್ನಡದಲ್ಲಿ ಈ ದೊಡ್ಡಕ್ಷರದ ರಗಳೆಯೇ ಇಲ್ಲ, ಅಲ್ವಾ?

ಇದರ ಮೋಸ ಇರುವುದು ಬೇರೆ ಕಡೆ. ಕ್ಯಾಚಿನಲ್ಲಿ ಹೆಸರು ಬಂದರೆ ಪಿಎಚ್‌ಪಿ ಆ ಫೈಲನ್ನು ತೆರೆಯಲು ಹೋಗುವುದೇ ಇಲ್ಲ. ನ್ಯೂ ತೂಕದೋಷ ಅನ್ನುವ ಸಾಲು ಓಡಿದಾಗ ಮಾತ್ರ ಹುಡುಕುತ್ತದೆ. ಹಾಗಾಗಿ ಸರ್ವರಿಗೆ ಹಾಕಿ ತಿಂಗಳವರೆಗೆ ಎಲ್ಲ ಚೆನ್ನಾಗಿರುತ್ತದೆ. ಯಾರೋ ಮೊದಲ ಸಲ ತಪ್ಪು ತೂಕ ಹೊಡೆದ ದಿನ ಬೀಳುತ್ತದೆ. ಸರ್ವರಿಗೆ ಹಾಕುವ ಮುನ್ನ, ಲಿನಕ್ಸ್ ಇರುವ ಟೆಸ್ಟ್ ಜಾಗದಲ್ಲಿ ಬೇಕಂತಲೇ ಪ್ರತಿ ದೋಷವನ್ನೂ ಒಮ್ಮೆ ಎಸೆಸಿ ನೋಡಿ.

ಲಕ್ಷಣ: ಅರ್ಧ ಬಿಲ್ ಉಳಿದಿದೆ. ಇಲ್ಲಿ ನಿಲ್ಲಿಸಿ

ಏಳು ಚೀಲದ ಬಿಲ್ಲಿನಲ್ಲಿ ಐದು ಚೀಲ ಮಾತ್ರ ಡೇಟಾಬೇಸಿನಲ್ಲಿ ಇದ್ದರೆ ಕೋಡ್ ತಿದ್ದುವುದನ್ನು ನಿಲ್ಲಿಸಿ. ಬಿಲ್ ಬರೆಯುವುದನ್ನೂ ನಿಲ್ಲಿಸಲು ಹೇಳಿ. ಗುಮಾಸ್ತರು ಒಂದು ದಿನ ಪುಸ್ತಕದಲ್ಲಿ ಬರೆದರೆ ಲೋಕ ಮುಳುಗುವುದಿಲ್ಲ. ರೈತರ ದುಡ್ಡಿನ ಲೆಕ್ಕ ಇದು. ಸಾಲುಗಳನ್ನು ಕೈಯಲ್ಲಿ ಅಳಿಸಿ ಸರಿ ಮಾಡಲು ಹೋಗಬೇಡಿ, ಮೊದಲು ಇದ್ದ ಹಾಗೇ ಒಂದು ಬ್ಯಾಕಪ್ ತೆಗೆಯಿರಿ.

ಸಾಮಾನ್ಯ ಕಾರಣ ಹೀಗಿರುತ್ತದೆ. ಟ್ರಾನ್ಸಾಕ್ಷನ್ (ಉಳಿದರೆ ಎಲ್ಲ ಸಾಲೂ ಉಳಿಯಬೇಕು, ಇಲ್ಲದಿದ್ದರೆ ಒಂದೂ ಬೇಡ ಅನ್ನುವ ಕಟ್ಟು) ಶುರುವಾಗಿದೆ, ಲೂಪಿನ ಒಳಗೇ ಒಂದು ಕ್ಯಾಚ್ ಕೂತು ತಪ್ಪಿದ ಚೀಲವನ್ನು ನುಂಗಿದೆ, ಕೊನೆಯಲ್ಲಿ ಕಮಿಟ್ (ಖಾಯಂ) ಆಗಿದೆ. ಕ್ಯಾಚ್ ಲೂಪಿನ ಹೊರಗಿರಬೇಕು. ಅದರೊಳಗೆ ರೋಲ್‌ಬ್ಯಾಕ್ ಮಾಡಿ (ಬರೆದದ್ದನ್ನು ವಾಪಸು ತೆಗೆದು) ಮತ್ತೆ ಎಸೆಯಬೇಕು. ರೋಲ್‌ಬ್ಯಾಕ್ ಇದ್ದೂ ಅರ್ಧ ಉಳಿದಿದ್ದರೆ ಟೇಬಲಿನ ಎಂಜಿನ್ ನೋಡಿ. ಹಳೇ ಮೈಐಸಾಮ್ ಟೇಬಲ್ ಆದರೆ ಅದಕ್ಕೆ ಟ್ರಾನ್ಸಾಕ್ಷನ್ನೇ ಗೊತ್ತಿಲ್ಲ. ಇನ್ನೋಡಿಬಿಗೆ ಬದಲಾಯಿಸಬೇಕು. ಡೇಟಾಬೇಸ್ ಕೆಲಸ ಬಲ್ಲವರು ಪಕ್ಕದಲ್ಲಿರುವಾಗ ಮಾತ್ರ ಅದಕ್ಕೆ ಕೈ ಹಾಕಿ.

ಯಾರಿಗೆ ಏನು ತೋರಿಸಬಾರದು

ಸ್ಟ್ಯಾಕ್ ಟ್ರೇಸನ್ನು (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಪೇಜಿನಲ್ಲಿ ತೋರಿಸಬೇಡಿ. ಫಂಕ್ಷನ್ನಿಗೆ ಕೊಟ್ಟ ಬೆಲೆಗಳೂ ಅದರಲ್ಲಿ ಬರಬಹುದು. ಡೇಟಾಬೇಸಿಗೆ ಸೇರಿಕೊಳ್ಳುವ ಸಾಲೇ ಬಿದ್ದರೆ ಪಾಸ್‌ವರ್ಡ್ ಕೂಡ. 7.4ರಿಂದ ಐಎನ್ಐ ಫೈಲಿನಲ್ಲಿ ‘ಎಕ್ಸೆಪ್ಷನ್ ಇಗ್ನೋರ್ ಆರ್ಗ್ಸ್’ ಅನ್ನುವ ಸೆಟ್ಟಿಂಗ್ ಇದೆ, ಜನ ಬಳಸುವ ಸರ್ವರಿನಲ್ಲಿ ಅದನ್ನು ಆನ್ ಇಡಿ. 8.2ರಲ್ಲಿ ಒಂದೊಂದು ಗುಟ್ಟಿನ ಬೆಲೆಯನ್ನೂ ಪ್ರತ್ಯೇಕವಾಗಿ ಮುಚ್ಚಿಡಬಹುದು. ಬಳಸುವವರು ಟೈಪ್ ಮಾಡಿದ್ದನ್ನೇ ಮೆಸೇಜಿನಲ್ಲಿ ಸೇರಿಸಿ ತೋರಿಸುವುದಾದರೆ ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್ (ಅದರಲ್ಲಿ ಕೋಡ್ ಇದ್ದರೆ ಪೇಜಿನಲ್ಲಿ ಓಡದಂತೆ ಮಾಡುವ ಫಂಕ್ಷನ್) ದಾಟಿಸಿಯೇ ತೋರಿಸಿ.

ಇಷ್ಟೆಲ್ಲ ನೋಡಿಯೂ ಸಿಗದೆ ಬೇರೆಯವರನ್ನು ಕೇಳುವುದಾದರೆ ‘ವರ್ಕ್ ಆಗ್ತಿಲ್ಲ’ ಅಂತ ಫೋಟೋ ಕಳಿಸಬೇಡಿ. ಪಿಎಚ್‌ಪಿ ಆವೃತ್ತಿ, ಲಾಗಿನ ಪೂರ್ತಿ ಸಾಲು, ಫೈಲಿನ ಮೇಲಿನ ನೇಮ್‌ಸ್ಪೇಸ್ ಮತ್ತು ಯೂಸ್ ಸಾಲುಗಳು, ಟ್ರೈನಿಂದ ಕೊನೆಯ ಕ್ಯಾಚಿನವರೆಗಿನ ಕೋಡು, ಇಷ್ಟನ್ನು ಅಕ್ಷರವಾಗಿಯೇ ಕಳಿಸಿ. ಕಳಿಸುವ ಮೊದಲು ಪಾಸ್‌ವರ್ಡೂ ರೈತರ ಹೆಸರೂ ಅಳಿಸಿದ್ದೀರಾ ಅಂತ ಇನ್ನೊಮ್ಮೆ ಕಣ್ಣಾಡಿಸಿ.